ದೀಪಕ್ಕೂ ಹೂವಿಗೂ ನಡುವೆ ಬಂದ ಜಾಹೀರಾತು

ಅಡುಗೆ, ವ್ರತ, ಹಬ್ಬದ ಪದ್ಧತಿ ಇವನ್ನೆಲ್ಲ ನಾನು ಒಂದು ಲೇಖನಗಳ ವೆಬ್‌ಸೈಟಿಗೆ ಬರೆದು ಕಳಿಸುತ್ತೇನೆ. ಯಾರು ಬೇಕಾದರೂ ಬರೆಯಬಹುದಾದ ಜಾಗ ಅದು. ಸಂಭಾವನೆ ಇಲ್ಲ, ಲೇಖನದ ಕೊನೆಯಲ್ಲಿ ನಮ್ಮ ಸ್ವಂತ ಬ್ಲಾಗಿನ ಲಿಂಕ್ ಹಾಕಿಕೊಳ್ಳಲು ಬಿಡುತ್ತಾರೆ, ಅಷ್ಟೇ. ಓದಿದವರು ಆ ದಾರಿ ಹಿಡಿದು ನಮ್ಮಲ್ಲಿಗೆ ಬರುತ್ತಾರೆ ಎಂಬ ಆಸೆ. ತುಮಕೂರಿನ ಈ ಬಾಡಿಗೆ ಮನೆಯಲ್ಲಿ ಕುಕ್ಕರ್ ಕೂಗುವುದರೊಳಗೆ ಒಂದು ಪ್ಯಾರಾ ಟೈಪ್ ಮಾಡುವುದನ್ನು ಕಲಿತೆ. ಆ ಪರಶಿವ ಅಷ್ಟು ಬಿಡುವು ಕೊಟ್ಟನಲ್ಲ, ಅದೇ ದೊಡ್ಡದು.

ಕಾರ್ತಿಕ ಸೋಮವಾರದ ಪೂಜೆಯ ಬಗ್ಗೆ ಬರೆದ ಲೇಖನವನ್ನು ಬಹಳ ಜನ ಓದಿದರು. ಸೈಟಿನವರು ತೋರಿಸುವ ಓದುಗರ ಸಂಖ್ಯೆ ಏರುತ್ತಲೇ ಇತ್ತು. ಆದರೆ ಅಲ್ಲಿಂದ ನನ್ನ ಬ್ಲಾಗಿಗೆ ಬಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು.

"ಹಂಗಾದ್ರೆ ಓದಿದೋರೆಲ್ಲ ಎಲ್ಲಿಗೆ ಹೋಗ್ತಾರೆ?" ಎಂದು ಮಗಳನ್ನು ಕೇಳಿದೆ.

"ಮಧ್ಯ ಮಧ್ಯ ಅಷ್ಟೊಂದು ಆ್ಯಡ್ ಹಾಕವ್ರಲ್ಲಮ್ಮ, ಅದನ್ನ ಒತ್ಕೊಂಡು ಆಚೆ ಹೋಗ್ತಾರೆ. ನಿನ್ ಲಿಂಕ್ ತಳದಲ್ಲೈತೆ. ಅಲ್ಲೀಗಂಟ ಯಾರು ಬರ್ತಾರೆ?"

ನನ್ನ ಫೋನಿನಲ್ಲಿ ಜಾಹೀರಾತು ಕಾಣದ ಹಾಗೆ ಅವಳೇ ಏನೋ ಹಾಕಿಕೊಟ್ಟಿದ್ದಳು. ಹಾಗಾಗಿ ಅವು ಹೇಗಿರುತ್ತವೆ ಎಂದು ನಾನು ನೋಡಿಯೇ ಇರಲಿಲ್ಲ. ಬ್ಲಾಗಿಗೆ ಬರದಿದ್ದರೆ ಹೋಗಲಿ, ಪೂಜೆ ಮಾಡಿದರೆ ಸಾಕು ಎಂದುಕೊಂಡು ಸುಮ್ಮನಾದೆ.

ಒಂದು ಸೋಮವಾರ ಸಂಜೆ ಕುಣಿಗಲ್ಲಿನಿಂದ ಅಕ್ಕ ಫೋನ್ ಮಾಡಿದಳು. ಅವಳ ಮಗಳಿಗೆ ಗುಬ್ಬಿಯಲ್ಲಿ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗ, ಹುಡುಗಿ ಇಬ್ಬರೂ ಒಪ್ಪಿದ್ದರು. ಮಾತುಕತೆಗೆ ದಿನ ನೋಡುವುದೊಂದೇ ಬಾಕಿ.

"ಬೇಡ ಅಂದ್ಬುಟ್ಟೆ ಕಣೇ," ಎಂದಳು.

"ಯಾಕಕ್ಕ, ಏನಾಯ್ತು?"

"ನೀನೇ ಕೇಳ್ತೀಯಲ್ಲೇ! ನಿನ್ ಪೂಜೇಲೇ ಬಂತು, ಮಗೀಗೆ ದೋಷ ಐತೆ ಅಂತ."

ನನಗೆ ತಲೆಬುಡ ತಿಳಿಯಲಿಲ್ಲ. ಮಾರನೆಯ ಬೆಳಗ್ಗೆಯೇ ಕುಣಿಗಲ್ ಬಸ್ ಹತ್ತಿದೆ. ಕೂರಲು ಸೀಟು ಸಿಕ್ಕಿತು. ನನ್ನ ಫೋನಿನಲ್ಲಿ ಆ ಲೇಖನವನ್ನು ಮೊದಲಿಂದ ಓದಿದೆ; ದೋಷದ ಮಾತು ಎಲ್ಲೂ ಇರಲಿಲ್ಲ.

ಅಕ್ಕ ದೇವರಮನೆಯ ಮುಂದೆ ಕೂರಿಸಿ ತನ್ನ ಫೋನ್ ತೆಗೆದಳು. ಲೇಖನದ ನೆತ್ತಿಯ ಮೇಲೆ ನನ್ನ ಹೆಸರು. ಓದುವವರಿಗೆ ಸುಲಭವಾಗಲಿ ಎಂದು ಪೂಜೆಯನ್ನು ಒಂದೊಂದೇ ಪುಟ್ಟ ಪ್ಯಾರಾ ಮಾಡಿ ಬರೆದಿದ್ದೆ. ನೆಲ ಸಾರಿಸಿ. ಮಡಿಯುಟ್ಟು ವಿಭೂತಿ ಧರಿಸಿ. ದೀಪ ಹಚ್ಚಿ. ಬಿಲ್ವಪತ್ರೆ, ಹೂ ಏರಿಸಿ. ಆ ದೀಪಕ್ಕೂ ಹೂವಿಗೂ ನಡುವೆ, ಹೆಚ್ಚುಕಡಿಮೆ ಅದೇ ಅಕ್ಷರದಲ್ಲಿ, ಒಂದು ಹಣತೆಯ ಚಿತ್ರದ ಕೆಳಗೆ ಹೀಗಿತ್ತು: ಮಕ್ಕಳ ಹೆಸರು, ಹುಟ್ಟಿದ ದಿನ, ನಿಮ್ಮ ಫೋನ್ ನಂಬರ್ ಬರೆದು ಇಲ್ಲಿ ಒತ್ತಿ; ದೋಷ ತಿಳಿಯಿರಿ. ಮೂಲೆಯಲ್ಲಿ ಇರುವೆಯಷ್ಟು ಚಿಕ್ಕದಾಗಿ 'ಜಾಹೀರಾತು' ಎಂದಿತ್ತು.

ಅಕ್ಕ ಶಾಸ್ತ್ರದಲ್ಲಿ ಒಂದು ಚಿಟಿಕೆ ಅರಿಶಿನವನ್ನೂ ಆಚೀಚೆ ಮಾಡುವವಳಲ್ಲ. ದೀಪ ಹಚ್ಚಿ, ಕೈಮುಗಿದು, ಇದೂ ಒಂದು ವಿಧಿಯೆಂದೇ ತಿಳಿದು ಬರೆದು ಒತ್ತಿದ್ದಳು. ಆಮೇಲೆ ಹೂ ಏರಿಸಿದ್ದಳು. ಮಂಗಳಾರತಿ ಆಗುವ ಮುಂಚೆಯೇ ಫೋನ್ ಬಂತಂತೆ. ಯಾವನೋ ಗಂಡಸಿನ ದನಿ. ಹುಡುಗಿಗೆ ದೋಷವಿದೆ, ಶಾಂತಿ ಮಾಡಿಸದೆ ಮದುವೆ ಮಾಡಿದರೆ ಕೇಡು ಎಂದನಂತೆ. ಹಚ್ಚಿದ ದೀಪದ ಎದುರು ಬಂದ ಮಾತನ್ನು ಅವಳು ಹೇಗೆ ಸುಳ್ಳೆಂದುಕೊಳ್ಳಬೇಕು?

"ಅಕ್ಕ, ಇದು ನಾನ್ ಬರ್ದಿದ್ದಲ್ಲ. ಯಾರೋ ವ್ಯಾಪಾರಕ್ಕೆ ಹಾಕಿರೋದು."

"ನಿನ್ ಬರವಣಿಗೆ ಒಳಗೇ ಐತಲ್ಲೇ? ನಿನ್ ಮನೇಲಿ ಯಾರೋ ಬಂದು ಕೂತ್ರೆ ನಿಂಗೆ ಗೊತ್ತಾಗಲ್ವಾ?"

ಕಾಫಿ ತಂದ ಅಕ್ಕನ ಮಗಳು ಲೋಟ ಕೊಡುತ್ತಾ ಮೆಲ್ಲಗೆ ಅಂದಳು: "ಬೇರೆ ಯಾರಾದ್ರೂ ಹೇಳಿದ್ರೆ ಅಮ್ಮನ್ ಹತ್ರ ಜಗಳ ಆಡ್ತಿದ್ದೆ ಚಿಕ್ಕಮ್ಮ. ನಿಮ್ ಹೆಸರಿತ್ತಲ್ಲ, ಸುಮ್ನಾದೆ." ಆ ಕಾಫಿ ನನ್ನ ಕೈಯಲ್ಲೇ ಆರಿಹೋಯಿತು.

ಮೂಲೆಯ ಆ ಚಿಕ್ಕ ಪದ ತೋರಿಸಿ ಅಕ್ಕನನ್ನು ಒಪ್ಪಿಸಿ, ಆಗಲೇ ಅವಳಿಂದ ಗುಬ್ಬಿಗೆ ಫೋನ್ ಮಾಡಿಸಿದೆ. ಸ್ಪೀಕರ್ ಹಾಕಿದಳು. ಹುಡುಗನ ತಾಯಿ ಗದರಿದ್ದರೂ ಚೆನ್ನಾಗಿತ್ತು; ಮೆತ್ತಗೇ ಕೇಳಿದರು.

"ದೋಷ ಐತೆ ಅಂದೋರು ನೀವೇ. ಈಗ ಇಲ್ಲ ಅಂತೀರ. ಇಲ್ಲ ಅಂತ ಯಾರು ಹೇಳಿದ್ರು?"

"ನನ್ ತಂಗಿ."

"ಮೊದ್ಲು ಹೇಳಿದ್ದೂ ಅವ್ರೇ ಅಂದಿದ್ರಲ್ಲಮ್ಮ?"

ಅಕ್ಕ ನನ್ನ ಮುಖ ನೋಡಿದಳು.

ಮನೆಗೆ ಬಂದು ಸೈಟಿನವರಿಗೆ ಬರೆದೆ. ಜಾಹೀರಾತಿನಿಂದಲೇ ಸೈಟ್ ನಡೆಯುವುದು, ಪ್ಯಾರಾಗಳ ನಡುವೆ ಅದು ತಾನಾಗಿಯೇ ಬರುತ್ತದೆ ಎಂದು ಉತ್ತರ ಬಂತು. ಲೇಖನವನ್ನೇ ತೆಗೆದುಬಿಡೋಣ ಎಂದರೆ, ನೋಡಿಕೊಂಡು ಪೂಜೆ ಹಿಡಿದವರು ಅರ್ಧಕ್ಕೆ ನಿಂತಾರೆಂಬ ಅಳುಕು. ಕೊನೆಗೆ ನೆಲ ಸಾರಿಸುವುದರಿಂದ ಮಂಗಳಾರತಿಯವರೆಗೆ ಇಡೀ ಪೂಜೆಯನ್ನು ಒಂದೇ ಪ್ಯಾರಾ ಮಾಡಿದೆ.

"ಉಸಿರು ಕಟ್ಟುತ್ತಮ್ಮ. ಯಾರು ಓದ್ತಾರೆ ಇದನ್ನ?" ಎಂದಳು ಮಗಳು.

ನಿಜ, ಓದುವವರು ಕಡಿಮೆಯಾದರು. ಜಾಹೀರಾತು ಈಗ ಮಂಗಳಾರತಿಯ ಕೆಳಗೆ, ನನ್ನ ಲಿಂಕಿನ ತಲೆಯ ಮೇಲೆ ಕೂತಿದೆ. ಬ್ಲಾಗಿಗೆ ಬರುತ್ತಿದ್ದ ನಾಲ್ಕು ಜನರನ್ನೂ ಅದೇ ಕರೆದುಕೊಂಡು ಹೋಗುತ್ತದೋ ಏನೋ. ಆದರೆ ದೀಪಕ್ಕೂ ಹೂವಿಗೂ ನಡುವೆ ಅದಕ್ಕೆ ಜಾಗವಿಲ್ಲ.

ಹೋದ ವಾರ ಗುಬ್ಬಿಗೂ ಹೋಗಿ ಬಂದೆ. ಜಾಹೀರಾತು ಕಾಣಲೆಂದು ಒಯ್ದಿದ್ದ ಮಗಳ ಫೋನಿನಲ್ಲಿ ನನ್ನದೇ ಇನ್ನೊಂದು ಲೇಖನ ತೆಗೆದು, ಇಲ್ಲಿಗಂಟ ನನ್ನ ಮಾತು, ಇಲ್ಲಿಂದ ಅವರದು ಎಂದು ಹುಡುಗನ ತಾಯಿಗೆ ಬೆರಳಿಟ್ಟು ತೋರಿಸಿದೆ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ನಾನಾಗಿದ್ರೂ ಒತ್ಬುಡ್ತಿದ್ದೆ ಕಣಮ್ಮ," ಎಂದರು. ಆಮೇಲೆ ಒಳಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಆದ್ರೆ ನಮ್ಮತ್ತೆ ಕಿವಿಗೆ ಬಿದ್ಬುಟ್ಟೈತೆ. ಆ ಮಾತು ಒಳಕ್ ಬಂದಷ್ಟು ಸಲೀಸಾಗಿ ಆಚೆ ಹೋಗಲ್ಲ. ಕಾರ್ತಿಕ ಕಳೀಲಿ, ನೋಡೋಣ."

ಹೊರಡುವಾಗ ಅರಿಶಿನ ಕುಂಕುಮ ಕೊಟ್ಟು ಮಡಿಲಿಗೆ ತೆಂಗಿನಕಾಯಿ ಇಟ್ಟರು. ಸಂಬಂಧ ಬೇಡವೆನ್ನುವವರೂ ಮನೆಗೆ ಬಂದ ಹೆಂಗಸಿಗೆ ಇಷ್ಟು ಕೊಡುತ್ತಾರೆ, ಗೊತ್ತು. ಆದರೂ ಬಸ್ಸಿನಲ್ಲಿ ಅದನ್ನು ಕೆಳಗಿಡದೆ ತಂದೆ. ಅಕ್ಕ ದಿನಾ ಫೋನ್ ಮಾಡಿ "ಏನಾದ್ರೂ ಅಂದ್ರೇನೇ?" ಎಂದು ಕೇಳುತ್ತಾಳೆ. ಕಾಯಿ ದೇವರ ಮುಂದೆ ಹಾಗೆಯೇ ಇದೆ. ಒಡೆಯಲು ಕೈ ಬಂದಿಲ್ಲ.