ಇನ್ನೂರ ಹನ್ನೊಂದನೆಯ ಪುಟದ ಅಂಚು

ಇನ್ನೂರ ಹನ್ನೊಂದನೆಯ ಪುಟದ ಅಂಚಿನಲ್ಲಿ ನನ್ನದೇ ಕೈಬರಹವಿತ್ತು. ಆ ಪುಟವನ್ನು ನಾನು ಮೊದಲ ಬಾರಿಗೆ ತೆರೆದದ್ದು ಆಗಲೇ.

ಶ್ರೀರಾಂಪುರದಿಂದ ಕಾಲೇಜಿಗೆ ಹೋಗುವ ಸಿಟಿ ಬಸ್ಸು, ಬೆಳಗಿನ ಒಂಬತ್ತೂವರೆ, ಕಿಟಕಿಯ ಸೀಟು. ಮಡಿಲಲ್ಲಿ ಕಾಲಯಾನದ ಒಂದು ಕಾದಂಬರಿ, ಬ್ಯಾಗಿನಲ್ಲಿ ಬೈಂಡಿಂಗ್‌ಗೆ ಕೊಡಬೇಕಿದ್ದ ನನ್ನ ಪ್ರಾಜೆಕ್ಟ್ ರಿಪೋರ್ಟ್. ಮರುದಿನ ವೈವಾ.

ನಾನು ಎಂಎಸ್ಸಿ ಫಿಸಿಕ್ಸ್‌ನ ವಿದ್ಯಾರ್ಥಿನಿ. ಪ್ರತಿ ಸೆಮಿಸ್ಟರಿನಲ್ಲೂ ಮೊದಲ ಸ್ಥಾನ ನನ್ನದೇ. ಇದನ್ನು ಸಂಕೋಚದಿಂದ ಹೇಳುವ ಅಭ್ಯಾಸ ನನಗಿಲ್ಲ.

ಕಾಲಯಾನದ ಕಥೆಗಳೆಂದರೆ ಪ್ರಾಣ. ಆದರೆ ಭೌತಶಾಸ್ತ್ರವನ್ನು ಗೌರವಿಸುವ ಲೇಖಕರನ್ನು ಮಾತ್ರ ನಾನು ಕೊನೆಯವರೆಗೂ ಓದುತ್ತೇನೆ. ತಪ್ಪು ಕಂಡಲ್ಲಿ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪುಟ್ಟ ತ್ರಿಕೋನ ಬರೆದು, ಪಕ್ಕದಲ್ಲಿ ತಿದ್ದುಪಡಿ ಬರೆಯುವುದು ಹೈಸ್ಕೂಲಿನಿಂದ ಬಂದ ರೂಢಿ.

ನಮ್ಮ ಬಡಾವಣೆಯಲ್ಲಿ ಬಾಡಿಗೆ ಪುಸ್ತಕದ ಅಂಗಡಿ ನಡೆಸುವ ಗಿರಿಜಮ್ಮನವರಿಗೆ ಈ ರೂಢಿ ಕಂಡರೆ ಆಗದು. ಪುಸ್ತಕ ವಾಪಸ್ಸು ಕೊಟ್ಟ ಕೂಡಲೇ ಒಂದೊಂದೇ ಪುಟ ತಿರುವಿ, ರಬ್ಬರಿನಿಂದ ಉಜ್ಜಿ, ನನ್ನನ್ನು ಬೈದೇ ಒಳಗಿಡುತ್ತಾರೆ.

ಈ ಕಾದಂಬರಿಯಲ್ಲಿ ಮಾತ್ರ ಇನ್ನೂರ ಹತ್ತು ಪುಟ ಓದಿದರೂ ಒಂದು ತ್ರಿಕೋನ ಬರೆಯಲು ಅವಕಾಶ ಸಿಕ್ಕಿರಲಿಲ್ಲ. ನಾಯಕಿ ಬೆಳಕಿನ ಒಂದೇ ಒಂದು ಕಣವನ್ನು ಹಿಂದಿನ ಕಾಲಕ್ಕೆ ಕಳುಹಿಸುತ್ತಾಳೆ. ತಮಗೆ ತಾವೇ ವಿರುದ್ಧವಾಗದ ಘಟನೆಗಳಷ್ಟೇ ಉಳಿಯುತ್ತವೆ, ವಿರುದ್ಧವಾಗುವಂಥವು ನಡೆಯುವುದೇ ಇಲ್ಲ... ಎಷ್ಟು ಸೊಗಸು!

ನನ್ನ ಪ್ರಾಜೆಕ್ಟ್ ಕೂಡ ಇದರ ಬಗ್ಗೆಯೇ. ಲ್ಯಾಬುಗಳಲ್ಲಿ ಯಾರೂ ನಿಜವಾಗಿ ಹಿಂದಕ್ಕೆ ಹೋಗುವುದಿಲ್ಲ. ಬೆಳಕಿನ ಕಣಗಳಿಂದ ಅಂಥ ಪ್ರಯಾಣದ ಅಣಕು ಮಾಡಿ, ಹೊಂದಿಕೆಯಾಗದ ಫಲಿತಾಂಶಗಳನ್ನು ಕೈಬಿಟ್ಟು, ಉಳಿದವನ್ನು ಲೆಕ್ಕ ಹಾಕುತ್ತಾರೆ.

ಅಂಚಿನಲ್ಲಿ ಹೀಗೆ ಬರೆದಿತ್ತು: "ಕೈಬಿಟ್ಟ ಮೇಲೆ ಉಳಿದವನ್ನು ಕೂಡಿದರೆ ಒಂದಾಗುತ್ತದೆಯೇ? ಪುಟ 17."

ಏಳರ ನಡುವೆ ಅಡ್ಡಗೆರೆ. ನಾನು ಬರೆಯುವುದು ಹಾಗೆಯೇ. ಪಕ್ಕದಲ್ಲಿ ತ್ರಿಕೋನ. ಅದರ ಎಡಮೂಲೆ ಮಾತ್ರ ಕೂಡಿರಲಿಲ್ಲ, ಗೆರೆ ಅಲ್ಲಿಗೇ ನಿಂತುಹೋಗಿತ್ತು.

ಕಾದಂಬರಿಯ ಹದಿನೇಳನೆಯ ಪುಟದಲ್ಲಿ ನಾಯಕಿ ಕಾಫಿ ಕುಡಿಯುತ್ತಿದ್ದಳು, ಅಷ್ಟೇ.

ಆಮೇಲೆ ಬ್ಯಾಗಿನ ಕಡೆ ನೋಡಿದೆ. ರಿಪೋರ್ಟ್ ಹೊರತೆಗೆದು ಅದರ ಹದಿನೇಳನೆಯ ಪುಟ ತೆರೆದೆ.

ಎಲ್ಲ ಫಲಿತಾಂಶಗಳ ಸಂಭವನೀಯತೆಗಳನ್ನು ಕೂಡಿದರೆ ಒಂದು ಬರಬೇಕು, ಅದು ಮೊದಲ ಪಾಠ. ನನ್ನ ಪಟ್ಟಿಯಲ್ಲಿ ಬಂದದ್ದು 0.38. ಹೊಂದದ ಫಲಿತಾಂಶಗಳನ್ನು ಕೈಬಿಟ್ಟವಳು ಉಳಿದವನ್ನು ಮತ್ತೆ ಒಂದಕ್ಕೆ ಸರಿಹೊಂದಿಸುವುದನ್ನು ಮರೆತಿದ್ದೆ. ಅಲ್ಲಿಂದ ಮುಂದಿನ ಪ್ರತಿ ಅಂಕಿಯೂ ತಪ್ಪು.

ಅಂಚಿನ ಬರಹದ ಫೋಟೋ ತೆಗೆದುಕೊಳ್ಳಬೇಕೆಂದು ಆಗ ಹೊಳೆಯಲೇ ಇಲ್ಲ. ಸಂಜೆಯವರೆಗೆ ಕೂತು ಎಲ್ಲವನ್ನೂ ತಿದ್ದಿ ಬೈಂಡಿಂಗ್‌ಗೆ ಕೊಟ್ಟೆ.

ಮರುದಿನ ವೈವಾಗೆ ಬಂದ ಪರೀಕ್ಷಕರು ನೇರವಾಗಿ ಅದೇ ಪುಟಕ್ಕೆ ಹೋದರು. "ಇಲ್ಲೇ ಎಲ್ಲರೂ ಎಡವೋದು. ನಿಮಗೆ ಯಾರು ತೋರಿಸಿಕೊಟ್ರು?"

"ಯಾರೂ ಇಲ್ಲ ಸರ್. ನಾನೇ ಕಂಡುಕೊಂಡೆ."

ಆ ಪ್ರಾಜೆಕ್ಟಿನ ಅಂಕಗಳಿಂದಲೇ ಚಿನ್ನದ ಪದಕ ನನ್ನ ಪಾಲಾಯಿತು. ನಸ್ರೀನ್ ನನಗಿಂತ ಎರಡೇ ಎರಡು ಅಂಕ ಹಿಂದೆ.

ಉದಯಗಿರಿಯ ನಸ್ರೀನ್ ನನ್ನ ಆಪ್ತ ಗೆಳತಿ, ನನ್ನ ಏಕೈಕ ಪ್ರತಿಸ್ಪರ್ಧಿ. ಅವಳೊಬ್ಬಳಿಗಾದರೂ ನಿಜ ಹೇಳಬೇಕೆನಿಸಿತು. ಬಸ್ಸಿನ ಆ ದಿನದಿಂದ ಪುಸ್ತಕವನ್ನು ಮತ್ತೆ ತೆರೆದಿರಲಿಲ್ಲ, ವಾಪಸ್ಸೂ ಕೊಟ್ಟಿರಲಿಲ್ಲ. ನಿನ್ನೆ ಅವಳನ್ನು ಮನೆಗೆ ಕರೆದು, ಅದನ್ನು ತೆರೆದು ಮುಂದಿಟ್ಟೆ.

ಅಂಚು ಖಾಲಿಯಿತ್ತು.

ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದೆವು. ಪೆನ್ಸಿಲ್ ಒತ್ತಿದ ಗುರುತಿಲ್ಲ, ಉಜ್ಜಿದ ಗುರುತೂ ಇಲ್ಲ.

"ನೀನೇ ಬರ್ದು, ನೀನೇ ಮರ್ತ್ಬುಟ್ಟಿದೀಯ ಕಣೇ," ಎಂದು ನಸ್ರೀನ್ ನಕ್ಕಳು. "ಫಸ್ಟ್ ಬರೋರ ತಲೆ ಕೊನೇಗೆ ಹಿಂಗೇ ಆಗೋದು. ಅದಕ್ಕೇ ನಾನು ಸೆಕೆಂಡ್ ಬರೋದು."

ನಗು ನಿಂತ ಮೇಲೆ ಮೆಲ್ಲಗೆ ಕೇಳಿದಳು: "ಆ ನೋಟ್ ಇಲ್ದೇ ಇದ್ದಿದ್ರೆ?"

ಇಬ್ಬರಿಗೂ ಉತ್ತರ ಗೊತ್ತಿತ್ತು. ಪದಕ ಅವಳದಾಗುತ್ತಿತ್ತು.

ಅವಳು ಹೋದ ಮೇಲೆ ನೇರವಾಗಿ ಗಿರಿಜಮ್ಮನವರ ಬಳಿ ಹೋಗಿ, ಈ ಪುಸ್ತಕವನ್ನು ನನಗಿಂತ ಮೊದಲು ಯಾರು ಒಯ್ದಿದ್ದರು ಎಂದು ವಿಚಾರಿಸಿದೆ.

"ಯಾರೂ ಇಲ್ಲ ಕಣಮ್ಮ, ಹೊಸಾ ಬುಕ್ಕು. ಕಟ್ಟು ಬಿಚ್ಚಿ ಫಸ್ಟು ಕೊಟ್ಟಿದ್ದೇ ನಿಂಗೆ."

ಅಂಚಿನಲ್ಲಿದ್ದದ್ದನ್ನು ನೀವೇನಾದರೂ ಅಳಿಸಿದಿರಾ ಎಂದೆ.

"ನೀನಿನ್ನೂ ವಾಪಸ್ಸೇ ಕೊಟ್ಟಿಲ್ವಲ್ಲ, ನಾನ್ಯಾವಾಗ ಉಜ್ಜಲಿ? ನಾಳೆ ತಂದ್ಕೊಡು. ಗೀಚಿದ್ರೆ ಮಾತ್ರ ಸುಮ್ನಿರಲ್ಲ ನೋಡು."

ನಾಳೆ ಎಂದರೆ ಇವತ್ತು.

ಕಾದಂಬರಿಯ ಕೊನೆಯ ಅಧ್ಯಾಯವನ್ನು ಬೆಳಿಗ್ಗೆ ಮುಗಿಸಿದೆ. ನಾಯಕಿಗೆ ಭವಿಷ್ಯದಿಂದ ಒಂದು ಸೂತ್ರ ಸಿಗುತ್ತದೆ. ಮುಂದೆ ಅದನ್ನೇ ನಕಲು ಮಾಡಿ ತನಗೇ ಕಳುಹಿಸುತ್ತಾಳೆ. ಹಾಗಾದರೆ ಸೂತ್ರವನ್ನು ಕಂಡುಹಿಡಿದವರು ಯಾರು? ಯಾರೂ ಅಲ್ಲ. ಗಣಿತ ಇದನ್ನು ತಡೆಯುವುದಿಲ್ಲ. ತಡೆಯುವುದಿಲ್ಲವೆಂದು ನನ್ನ ರಿಪೋರ್ಟಿನಲ್ಲಿ ನಾನೇ ಹೆಮ್ಮೆಯಿಂದ ಸಾಧಿಸಿದ್ದೇನೆ.

ಈಗ ಮಧ್ಯಾಹ್ನ. ಪುಸ್ತಕ ಮೇಜಿನ ಮೇಲಿದೆ, ಪಕ್ಕದಲ್ಲಿ ಪೆನ್ಸಿಲ್ ಇದೆ.

ನಾನು ಬರೆದರೆ, ಬೇರೆ ಯಾರೂ ತೋರಿಸಿಕೊಡಲಿಲ್ಲವೆಂದು ಪರೀಕ್ಷಕರಿಗೆ ಹೇಳಿದ ಮಾತು ನಿಜವಾಗುತ್ತದೆ. ಆದರೂ ಆ ತಪ್ಪನ್ನು ನಾನು ಕಂಡುಕೊಂಡದ್ದಲ್ಲ, ಓದಿಕೊಂಡದ್ದು. ಬರೆಯದಿದ್ದರೆ... ಬಸ್ಸಿನಲ್ಲಿ ನಾನು ಓದಿದ್ದು ಯಾರ ಅಕ್ಷರ?

ಒಂದು ತ್ರಿಕೋನ ಮಾತ್ರ ಬರೆದು ನೋಡೋಣವೆಂದುಕೊಂಡೆ. ತಳ ಎಳೆದೆ, ಬಲಬದಿ ಎಳೆದೆ. ತುದಿಯಿಂದ ಎಡಕ್ಕೆ ಇಳಿದು ಮೂಲೆ ಮುಟ್ಟುವಷ್ಟರಲ್ಲಿ ಸೀಸ ಮುರಿಯಿತು.

ಆ ಎಡಮೂಲೆ ಕೂಡಿಲ್ಲ.

ಪೆನ್ಸಿಲ್ ಚೂಪು ಮಾಡಿಕೊಂಡು ಕೂತಿದ್ದೇನೆ. ಹೇಳಿ, ಉಳಿದ ಸಾಲನ್ನು ಬರೆಯದಿರುವ ಸ್ವಾತಂತ್ರ್ಯ ನನಗಿನ್ನೂ ಇದೆಯೇ?