ಜಯಮ್ಮ ಹೇಳಿದ್ದು, ನಾನು ಅನುವಾದಿಸಿದ್ದು

ನಮ್ಮ ಅಡುಗೆಮನೆಯ ಉಪ್ಪಿನ ಡಬ್ಬಿಯಲ್ಲಿ ತೆಂಗಿನ ಚಿಪ್ಪಿನದೊಂದು ಚಮಚವಿದೆ. ಅದರಿಂದ ಉಪ್ಪು ತೆಗೆದರೆ ಅರ್ಧ ಸಾರಿಗೆ ಬೀಳುತ್ತದೆ, ಇನ್ನರ್ಧ ಒಲೆಯ ಸುತ್ತ ಚೆಲ್ಲುತ್ತದೆ. ಮೊನ್ನೆ ನನ್ನ ಹೆಂಡತಿ ಅದನ್ನು ಕಿಟಕಿಯಿಂದಾಚೆ ಎಸೆಯಲು ಹೊರಟಿದ್ದಳು.

"ಬೇಡ ಕಣೇ, ಅದು ವಿದೇಶಿ ನೆರವಿನಿಂದ ಆದದ್ದು" ಎಂದೆ.

"ಅದಕ್ಕೇ ಇರಬೇಕು, ಅದ್ರಲ್ಲಿ ಏನೂ ನಿಲ್ಲಲ್ಲ" ಎಂದು ಡಬ್ಬಿಗೇ ಎಸೆದಳು.

ಅವಳ ಮಾತನ್ನು ನಾನು ಅಲ್ಲಗಳೆಯಲಾರೆ. ಆ ನೆರವು ನಮ್ಮೂರಿಗೆ ಇಳಿದದ್ದೇ ನನ್ನ ಬಾಯಿಯ ಮೂಲಕ. ಆ ಕಥೆಯನ್ನು ನಿಮಗೆ ಹೇಳಿಬಿಡುತ್ತೇನೆ. ಮೊನ್ನೆಯವರೆಗೂ ಯಾರಿಗೂ ಹೇಳುವ ಧೈರ್ಯ ನನಗಾಗಿರಲಿಲ್ಲ.

ನೀವು ತಿಪಟೂರಿನ ಕಡೆಯವರಲ್ಲದಿದ್ದರೆ ಮೊದಲು ಕೊಬ್ಬರಿಯ ವಿಷಯ ತಿಳಿದಿರಬೇಕು. ನಮ್ಮಲ್ಲಿ ಕೊಬ್ಬರಿ ಎಂದರೆ ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಅಟ್ಟದ ಮೇಲೆ ಹಾಕಿ, ಹೆಚ್ಚು ಕಡಿಮೆ ಒಂದು ವರ್ಷ ಅದರ ತಂಟೆಗೆ ಹೋಗಬಾರದು. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಚಿಪ್ಪಿನೊಳಗೆ ಗಡಗಡ ಎನ್ನಬೇಕು. ಆಮೇಲೆ ಮಟ್ಟೆ ಸುಲಿದು ಚಿಪ್ಪು ಒಡೆಯುವುದು. ಒಳಗಿನ ಉಂಡೆಗೆ ಒಂದು ಗೀರೂ ಬೀಳಬಾರದು, ಬಿದ್ದರೆ ಕೊಬ್ಬರಿ ಮಂಡಿಯಲ್ಲಿ ಅದನ್ನು ಕಡಿಮೆ ಬೆಲೆಯ ರಾಶಿಗೆ ತಳ್ಳುತ್ತಾರೆ. ಮಂಡಿಗಳ ಹಿಂದಿನ ಗಲ್ಲಿಯ ಹೆಂಗಸರು ಈ ಕೆಲಸದಲ್ಲಿ ಎತ್ತಿದ ಕೈ. ಮಚ್ಚಿನ ಹಿಂಬದಿಯಿಂದ ಕಾಯಿಯ ಸುತ್ತ ನಾಲ್ಕು ಏಟು ತಟ್ಟಿದರೆ ಚಿಪ್ಪು ಚೂರುಚೂರಾಗಿ ಉದುರುತ್ತದೆ, ಉಂಡೆ ಇಡಿಯಾಗಿ ಅಂಗೈಗೆ ಬರುತ್ತದೆ. ಅವರಲ್ಲಿ ಹಿರಿಯಳು ಜಯಮ್ಮ. ಮಾತಾಡುತ್ತಲೇ, ಕಾಯಿಯ ಕಡೆ ನೋಡದೆಯೇ ಒಡೆಯುತ್ತಾಳೆ.

ಮೂರು ವರ್ಷದ ಹಿಂದೆ ಆ ಗಲ್ಲಿಯ ಉದ್ಧಾರಕ್ಕೆ ಬೆಂಗಳೂರಿನದೊಂದು ಕಂಪನಿಯೂ ಹೊರದೇಶದ ಒಂದು ನಿಧಿಯೂ ಒಟ್ಟಾಗಿ ಹೊರಟವು. ಜನರ ಬಾಯಿಂದಲೇ ಅವರ ಬೇಡಿಕೆ ಕೇಳಬೇಕು ಎಂಬುದು ಅವರ ನಿಯಮ. ಕೇಳಲು ಬಂದ ವಿದೇಶಿ ಮೇಡಂಗೂ, ಜೊತೆಗಿದ್ದ ಕಂಪನಿಯ ಅಧಿಕಾರಿಗೂ ಕನ್ನಡ ಬಾರದು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದ ನನಗೆ ಕರೆ ಬಂತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ದಾರಿಯಲ್ಲಿ ಎರಡು ಕಠಿಣ ಪದಗಳನ್ನು ಮನಸ್ಸಿನಲ್ಲೇ ಉರು ಹೊಡೆಯುತ್ತಾ ಹೋದೆ.

ಮೇಡಂ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಒಳ್ಳೆಯ ಹೆಂಗಸು, ಮುಖದಲ್ಲಿ ನಿಜವಾದ ಅಕ್ಕರೆಯಿತ್ತು. ನಿಮಗೆ ಏನು ಬೇಕು ಎಂದು ಕೇಳಿದರು. ಜಯಮ್ಮ ಮೇಡಂ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದಳು.

"ಮೇಷ್ಟ್ರೇ, ನಮಗೊಂದು ಕಕ್ಕಸ್ಸು ಕಟ್ಟಿಸ್ಕೊಡಿ ಅಂತ ಅವಮ್ಮಂಗೆ ಹೇಳಿ. ಮನೇಲೂ ಇಲ್ಲ, ಕೆಲಸದ ತಾವೂ ಇಲ್ಲ. ಬೆಳಿಗ್ಗೆ ಬಂದ್ರೆ ಸಂಜೆಗಂಟ ನಾವು ಒಂದು ತೊಟ್ಟು ನೀರು ಕುಡಿಯಲ್ಲ. ನೀರು ಕುಡುದ್ರೆ ಎಲ್ಲಿಗೆ ಹೋಗಣ?"

ನಾನು ಮೇಷ್ಟ್ರಾಗಿದ್ದಾಗ ಹುಡುಗರು ಕಿರುಬೆರಳು ಎತ್ತಿದರೆ ಮುಖ ತಿರುಗಿಸಿಕೊಂಡೇ ಹೋಗು ಎನ್ನುತ್ತಿದ್ದವನು. ಆ ವಿಷಯಕ್ಕೆ ನನ್ನಲ್ಲಿ ಇಂಗ್ಲಿಷೂ ಇರಲಿಲ್ಲ, ಕನ್ನಡವೂ ಇರಲಿಲ್ಲ. ಅದೂ ಒಬ್ಬ ಪರದೇಶದ ಹೆಣ್ಣುಮಗಳ ಮುಂದೆ, ನಮ್ಮೂರಿನ ಮಾನದ ಪ್ರಶ್ನೆ. ಗಂಟಲು ಸರಿಮಾಡಿಕೊಂಡು, ಈ ಮಹಿಳೆಯರು ಘನತೆಯ ಬದುಕನ್ನು ಬಯಸುತ್ತಿದ್ದಾರೆ ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದೆ. ಮೇಡಂ ಎದೆಯ ಮೇಲೆ ಕೈಯಿಟ್ಟುಕೊಂಡರು. ಕಂಪನಿಯ ಅಧಿಕಾರಿ ಬರೆದುಕೊಂಡ. ಜಯಮ್ಮ ನನಗೆ ಕೈ ಮುಗಿದಳು. ಮೂವರನ್ನೂ ಒಂದೇ ವಾಕ್ಯದಲ್ಲಿ ಸಂತೋಷಪಡಿಸಿದೆನೆಂದು ಅವತ್ತು ನನಗೆ ಬಹಳ ಹೆಮ್ಮೆಯಾಗಿತ್ತು.

ನಾಲ್ಕು ತಿಂಗಳಲ್ಲಿ ಘನತೆ ಲಾರಿಯಲ್ಲಿ ಬಂತು. ಒಂದು ಬ್ಯಾನರು, ಚಿಪ್ಪು ಉಜ್ಜುವ ಯಂತ್ರ, ಜೊತೆಗೆ ಚಿಪ್ಪಿನಲ್ಲಿ ಬಟ್ಟಲು, ಚಮಚ ಮಾಡಲು ಕಲಿಸುವ ಒಬ್ಬ ತರಬೇತುದಾರ. ಆತ ಹೆಂಗಸರ ಮುಂದೆ ಕಾಯಿಗಳನ್ನಿಟ್ಟು, ಚಿಪ್ಪು ಬಿಡಿಸಿ ಕೊಡಿ ಎಂದ. ಅವರು ಗಂಟೆಯೊಳಗೆ ಬಿಡಿಸಿಕೊಟ್ಟರು. ಒಂದು ಕಡೆ ಗೀರಿಲ್ಲದ ಉಂಡೆ ಕೊಬ್ಬರಿ, ಇನ್ನೊಂದು ಕಡೆ ಸ್ನಾನದೊಲೆಗಷ್ಟೇ ಆಗುವ ಚಿಪ್ಪಿನ ಚೂರು. ಬಟ್ಟಲಿಗೆ ಬೇಕಾದದ್ದು ಇಡೀ ಅರ್ಧ ಚಿಪ್ಪು. ಆತ ತಲೆಯ ಮೇಲೆ ಕೈ ಹೊತ್ತು, ಒಳಗಿನದು ಹಾಳಾದರೂ ಚಿಂತೆಯಿಲ್ಲ, ಹೊರಗಿನದು ಉಳಿಯಬೇಕು ಎಂದು ವಿವರಿಸಿದ.

"ಕೊಬ್ಬರಿ ಹಾಳು ಮಾಡಿ ಚಿಪ್ಪು ಉಳಿಸ್ಬೇಕಾ?" ಜಯಮ್ಮ ಮಚ್ಚು ಕೆಳಗಿಟ್ಟಳು. "ಏನ್ ಕೆಲಸ ಅಂತ ಹೇಳ್ತಿದೀಯಪ್ಪ ನೀನು."

ಪ್ರಯತ್ನವನ್ನೇನೋ ಮಾಡಿದರು. ಆದರೆ ಅಷ್ಟು ವರ್ಷದಿಂದ ಪಳಗಿದ ಕೈ ತನ್ನ ಪಾಡಿಗೆ ತಾನು ಉಂಡೆಯನ್ನೇ ಉಳಿಸುತ್ತಿತ್ತು. ಕೊನೆಗೆ ದೇವಸ್ಥಾನಗಳ ಹಣ್ಣುಕಾಯಿಯ ಹೋಳುಗಳಿಂದ ಚಿಪ್ಪು ಕೂಡಿಸಿ, ತರಬೇತುದಾರನೇ ಬಟ್ಟಲು ಉಜ್ಜಿದ. ಫೋಟೋದಲ್ಲಿ ಮಾತ್ರ ಅವು ಹೆಂಗಸರ ಕೈಯಲ್ಲಿದ್ದವು. ಹಾಗೆ ಮಿಕ್ಕಿದ ಚಮಚವೇ ನಮ್ಮ ಉಪ್ಪಿನದು.

ಉದ್ಘಾಟನೆಗೆ ಮೇಡಂ ಮತ್ತೆ ಬಂದರು. ನಮ್ಮ ಕಡೆಯ ಉಪಚಾರ ನಿಮಗೆ ಗೊತ್ತಲ್ಲ. ಬೇಡವೆಂದರೂ ಬಿಡದೆ ಮೂರು ಎಳನೀರು ಕುಡಿಸಿದರು. ಭಾಷಣದ ನಡುವೆ ಅವರು ನನ್ನ ಕಿವಿಯ ಬಳಿ ಬಾಗಿ, ಶೌಚಾಲಯ ಎಲ್ಲಿದೆ ಎಂದು ಕೇಳಿದರು. ನನ್ನಷ್ಟು ಸಂಕೋಚ ಅವರಿಗಿರಲಿಲ್ಲ. ನಾನು ಕಾರಿನ ಡ್ರೈವರನ್ನು ಕರೆದು, ಅವರನ್ನು ಬಸ್‌ಸ್ಟ್ಯಾಂಡ್ ಬಳಿಯ ಲಾಡ್ಜಿಗೆ ಕಳಿಸಿದೆ. ಹೋಗುವಾಗ ಅವರು, ಹಾಗಾದರೆ ಈ ಹೆಂಗಸರು ಎಲ್ಲಿಗೆ ಹೋಗುತ್ತಾರೆ ಎಂದರು. ಆಗಲಾದರೂ ಹೇಳಬಹುದಿತ್ತು. ಅವರ ಮನೆಗಳು ಹತ್ತಿರದಲ್ಲೇ ಇವೆ ಎಂದುಬಿಟ್ಟೆ.

ಕಾರು ಹೋದ ಮೇಲೆ, ಇದನ್ನೆಲ್ಲ ನೋಡುತ್ತಿದ್ದ ಜಯಮ್ಮ ನನ್ನ ಪಕ್ಕಕ್ಕೆ ಬಂದಳು.

"ಮೇಷ್ಟ್ರೇ, ಅವತ್ತು ನಾನು ಹೇಳಿದ್ದನ್ನ ಅವಮ್ಮಂಗೆ ಹೇಳಿದ್ರಾ?"

"ಹೇಳಿದೆ ಕಣಮ್ಮ."

"ಹೇಳಿದ್ರೆ ಅವಮ್ಮ ಇವತ್ತು ಇಲ್ಲಿ ಯಾಕೆ ಹುಡುಕ್ತಿದ್ರು?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಹೇಗೋ ಜಾರಿಕೊಳ್ಳುತ್ತಿದ್ದೆ. ಅವತ್ತು ನನಗೆ ನಾಚಿಕೆಯಾಯಿತು, ಈಗಲೂ ಆಗುತ್ತದೆ. ಆ ಬೇಸಿಗೆಯಲ್ಲಿ ಜಯಮ್ಮ ಉರಿಮೂತ್ರವಾಗಿ ಆಸ್ಪತ್ರೆ ಸೇರಿದಳು. ಚೆನ್ನಾಗಿ ನೀರು ಕುಡಿ ಎಂದು ಡಾಕ್ಟರು ಹೇಳಿ ಕಳಿಸಿದರಂತೆ. ವಾಪಸು ಬಂದವಳು ಅದನ್ನು ನಗುತ್ತಲೇ ಎಲ್ಲರಿಗೂ ಹೇಳಿದಳು. ಗಲ್ಲಿಗೊಂದು ಶೌಚಾಲಯ ಬೇಕೆಂದು ನಾನು ಕಂಪನಿಗೆ ಒಂದು ಪತ್ರ ಬರೆದೆ. ನೈರ್ಮಲ್ಯ ಹೋದ ವರ್ಷದ ವಿಷಯ, ಈ ವರ್ಷದ್ದು ಜೀವನೋಪಾಯ ಎಂದು ಬಹಳ ವಿನಯದ ಉತ್ತರ ಬಂತು.

ಚಮಚದ ಜಗಳವಾದ ದಿನವೇ ಫೋನು ಬಂತು. ಇನ್ನೊಂದು ಕಂಪನಿ, ಇನ್ನೊಂದು ನಿಧಿ. ಈ ಬಾರಿ ಗಲ್ಲಿಯ ಹೆಂಗಸರಿಗೆ ಡಿಜಿಟಲ್ ಸಬಲೀಕರಣವಂತೆ. ಇಸ್ತ್ರಿಯಿಲ್ಲದ ಅಂಗಿಯಲ್ಲೇ ಹೋದೆ. ಮೂವರು ಅತಿಥಿಗಳು, ಎಲ್ಲರ ಮುಂದೆಯೂ ನೀರಿನ ಬಾಟಲಿ. ನಿಮಗೆ ಏನು ಬೇಕು ಎಂದು ಕೇಳಿದರು. ಜಯಮ್ಮ ಆ ಬಾಟಲಿಗಳನ್ನೇ ನೋಡುತ್ತಾ ಕೂತಳು.

"ಹೇಳಮ್ಮ" ಎಂದೆ.

"ನಾನು ಹೇಳಿಯಾಗಿದೆ ಬುಡಿ" ಎಂದಳು.

ನಾನು ಎದ್ದು ನಿಂತೆ. ಇವರಿಗೆ ಕಕ್ಕಸ್ಸಿಲ್ಲ, ಅದಕ್ಕಾಗಿ ಇವರು ದಿನವಿಡೀ ನೀರು ಕುಡಿಯುವುದಿಲ್ಲ, ಇದನ್ನು ಈಕೆ ಮೂರು ವರ್ಷದ ಹಿಂದೆಯೇ ಹೇಳಿದ್ದಳು, ನಾನು ಮುಚ್ಚಿಟ್ಟೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ವ್ಯಾಕರಣ ಎರಡು ಕಡೆ ತಪ್ಪಿತು. ಆಮೇಲೆ ಅದನ್ನೇ ಕನ್ನಡದಲ್ಲಿ, ಎಲ್ಲ ಹೆಂಗಸರಿಗೂ ಕೇಳುವಂತೆ ಹೇಳಿದೆ. ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಾಕೆ ಬರೆದುಕೊಂಡಳು. ಅವರು ಕಟ್ಟಿಸುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ.

ನಾನು ಕೂತು ಕರವಸ್ತ್ರದಿಂದ ಮುಖದ ಬೆವರು ಒರೆಸಿಕೊಂಡೆ. ಜಯಮ್ಮ ಮೇಜಿನ ಮೇಲಿದ್ದ ಬಾಟಲಿಯೊಂದರ ಮುಚ್ಚಳ ತಿರುವಿ ನನ್ನ ಮುಂದೆ ಹಿಡಿದಳು.

"ಕುಡೀರಿ ಮೇಷ್ಟ್ರೇ" ಎಂದಳು. "ನಿಮಗೇನು, ಮನೆಗೆ ಹೋಗ್ತೀರಲ್ಲ."