ಮುದ್ದಮ್ಮನ ಹುಣಸೆಮರ

ಇವತ್ತು ಬೆಳಿಗ್ಗೆ ನಮ್ಮ ಪಡಸಾಲೆಯಲ್ಲಿ ಹೊಸ ಹುಣಸೆಹಣ್ಣು ಹರವಿದ್ದರು. ಆ ಹುಳಿವಾಸನೆಗೆ ನಿಮಗಾದರೆ ಬಾಯಲ್ಲಿ ನೀರೂರೀತು; ನನಗೆ ಈ ವಯಸ್ಸಿನಲ್ಲೂ ಹೊಟ್ಟೆ ಉರಿಯುತ್ತದೆ. ಔಷಧಿ ಹೇಳಲು ಬರಬೇಡಿ, ಇದು ಅಪ್ಪಟ ಹೊಟ್ಟೆಕಿಚ್ಚು.

ನನ್ನ ಹೆಂಡತಿ ಮುದ್ದಮ್ಮ ನನ್ನ ಮನೆಗೆ ಬರುವ ಮುಂಚೆ ತಾವರೆಕೆರೆ ಕಡೆಯ ರಂಗಪ್ಪನ ಹೆಂಡತಿಯಾಗಿದ್ದಳು. ಅತ್ತೆ ಸೊಸೆಗೆ ಆಗಿಬರದೆ, ಗಂಡನಿಗೆ ತಾಯಿಯೆದುರು ಬಾಯಿ ಏಳದೆ, ಕೊನೆಗೆ ಕುಲದ ಹಿರಿಯರು ಕೂತು ಇಬ್ಬರನ್ನೂ ಬಿಡಿಸಿದರು. ಅವಳ ಹೊಟ್ಟೆಪಾಡಿಗೆಂದು ರಂಗಪ್ಪನ ಹೊಲದ ಬದುವಿನ ದೊಡ್ಡ ಹುಣಸೆಮರವನ್ನು ಬಿಟ್ಟುಕೊಡಿಸಿದರು. ಇನ್ನೊಬ್ಬನ ಸೀರೆ ಉಡುವವರೆಗೆ ಮರದ ಫಲ ಅವಳದು. ಹೆಂಗಸು ಮರ ಹತ್ತುವಂತಿಲ್ಲವಲ್ಲ, ಪ್ರತಿ ಸಲವೂ ರಂಗಪ್ಪನೇ ಹತ್ತಿ ಬಡಿದುಕೊಡಬೇಕು. ಸೀರೆ ಉಡುವುದೆಂದರೆ ನಮ್ಮಲ್ಲಿ ಹೆಣ್ಣಿನ ಎರಡನೆಯ ಮದುವೆ. ಚಪ್ಪರವಿಲ್ಲ, ವಾಲಗವಿಲ್ಲ; ಗಂಡು ತಂದ ಸೀರೆ ಉಟ್ಟರೆ ಮುಗಿಯಿತು.

ನಾನಾಗ ಹೆಂಡತಿ ಸತ್ತು ಒಂಟಿಯಾಗಿದ್ದೆ. ಮುದ್ದಮ್ಮನ ತವರು ನಮ್ಮೂರೇ. ಸಿರಾ ಸಂತೆಯಿಂದ ಸೀರೆ ತಂದಿಟ್ಟಾಗಿತ್ತು, ಕೇಳುವ ಧೈರ್ಯವೊಂದು ಬಾಕಿ. ಶಿವರಾತ್ರಿ ಕಳೆದ ಮೇಲೆ ಅವಳು ಹಣ್ಣು ತರಲು ಹೊರಟಾಗ ನಾನೇ ಗಾಡಿ ಕಟ್ಟಿದೆ. ಉಪಕಾರಿ ಮನುಷ್ಯ ಎಂದರು ಊರವರು. ನಾನೂ ಅಲ್ಲವೆನ್ನಲಿಲ್ಲ.

ಹೋಗಿ ನೋಡಿದರೆ ರಂಗಪ್ಪ ಕಚ್ಚೆ ಬಿಗಿದು ಮರದ ಮೇಲೆ ನಿಂತು ಕೊಂಬೆ ಬಡಿಯುತ್ತಿದ್ದಾನೆ. ಇವಳು ಕೆಳಗೆ ಹಣ್ಣು ಆಯುತ್ತಾ ಕೂಗಿದಳು:

"ಆ ತುದೀದು ಯಾರಿಗ್ ಬುಟ್ಟಿದ್ದೀಯ? ನಿಮ್ಮವ್ವಂಗಾ?"

"ಬಿದ್ಗಿದ್ರೆ ನೀನ್ ಅಳ್ತೀಯೇನೇ?"

"ನಾನ್ಯಾಕ್ ಅಳ್ಲಿ? ಹಣ್ಣೆಲ್ಲಾ ಉದುರ್ಸಿ ಆಮ್ಯಾಕ್ ಬೀಳು!"

ಹಾಗೆಂದು ತಲೆ ಹಿಂದಕ್ಕೆ ಹಾಕಿ ಗೊಳ್ಳೆಂದು ನಕ್ಕಳು. ಬಿಟ್ಟ ಗಂಡನ ಜೊತೆ ಇಂಥ ನಗುವೇ? ನಮ್ಮೂರಲ್ಲಿ ಅವಳು ಒಮ್ಮೆಯೂ ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ಅವನ ತೋಳು ನೋಡಿದೆ, ನನ್ನ ಸಣಕಲು ತೋಳು ನೋಡಿಕೊಂಡೆ. ಮರ ಹತ್ತಲು ಬಾರದ ನನಗೆ ಆ ಮರವನ್ನು ಕಂಡರೂ ಮೈ ಉರಿಯಿತು.

ವಾಪಸು ಬರುವಾಗ ಗಾಡಿಯಲ್ಲೇ ಕೇಳಿಬಿಟ್ಟೆ. "ಆ ಮರ ಬುಟ್ಬುಡು ಮುದ್ದಮ್ಮ. ಸೀರೆ ತಂದಿಟ್ಟಿವ್ನಿ."

ಅವಳು ಹಣ್ಣಿನ ಮೂಟೆಯ ಬಾಯಿ ಬಿಗಿಯುತ್ತಾ ಅಂದಳು: "ಆ ಮರ ಇರೋದ್ಕೇ ಅಣ್ಣನ ಮನೇಲಿ ನಂಗೊಂದ್ ಮೂಲೆ ಐತೆ. ನಿನ್ ಸೀರೆ ಉಟ್ರೆ ಮರ ಹೋಯ್ತದೆ. ನಾಳೆ ನೀನೂ ಬುಟ್ರೆ?"

"ನಾನ್ ಬುಡಾಕಿಲ್ಲ ಕಣೇ!"

"ಅವ್ನೂ ಇಂಗೇ ಅಂದಿದ್ದ. ಅವ್ನು ಬುಡುವಾಗ ಕೊಟ್ಟ. ನೀನು ಕರ್ಕೊಳ್ಳುವಾಗ್ಲೇ ಕೊಡ್ತೀಯಾ?"

ಕೂಡುವ ಮೊದಲೇ ಬಿಡುವ ಮಾತೇ! ಎಷ್ಟೋ ದಿನ ಮುಖ ಊದಿಸಿಕೊಂಡು ತಿರುಗಿದೆ. ಆದರೆ ರಂಗಪ್ಪ ಕೊಟ್ಟದ್ದನ್ನು ನಾನು ಕೊಡಲಾರೆನೆ? ಹಿರಿಯರನ್ನು ಕರೆಸಿ ನನ್ನ ಬಾವಿ ಪಕ್ಕದ ಎರಡು ಹುಣಸೆಮರ ಅವಳಿಗೆಂದು ಹೇಳಿದೆ, ನನ್ನ ಜೊತೆ ಇದ್ದರೂ ಅವಳದು, ಬಿಟ್ಟು ಹೋದರೂ ಅವಳದು. ಎಂಥ ದೊಡ್ಡ ಮನಸ್ಸು ಎಂದು ಜನ ಹೊಗಳಿದರು. ಒಂದು ಮರ ಹೆಚ್ಚಿಗೆ ಯಾಕೆ ಕೊಟ್ಟೆನೆಂದು ನಿಮಗೊಬ್ಬರಿಗೇ ಹೇಳುತ್ತಿದ್ದೇನೆ.

ಮುದ್ದಮ್ಮ ಸೀರೆ ಉಟ್ಟು ಬಂದಳು. ಸಂಸಾರ ಚೆನ್ನಾಗಿಯೇ ನಡೆಯಿತು. ಆದರೆ ಆ ನಗು ಮಾತ್ರ ಅವಳ ಜೊತೆ ಬರಲಿಲ್ಲ. ಪ್ರತಿ ವರ್ಷ ಹಣ್ಣು ಬಡಿಯುವಾಗ ನಾನೂ ಮರದ ಬುಡದಲ್ಲಿ ಕಿವಿ ನಿಮಿರಿಸಿ ನಿಂತಿದ್ದೇನೆ. ಉದುರಿದ್ದು ಹಣ್ಣು ಮಾತ್ರ.

ಇವತ್ತು ಮಧ್ಯಾಹ್ನ ನಮ್ಮಿಬ್ಬರ ಮಗಳನ್ನು ಕೇಳಲು ಕೊರಟಗೆರೆ ಕಡೆಯಿಂದ ಗಂಡಿನವರು ಬಂದರು. ಹುಣಸೆಹಣ್ಣನ್ನು ಒತ್ತರಿಸಿ ಚಾಪೆ ಹಾಸಿದೆವು. ಮಾತೆಲ್ಲ ಮುಗಿದು ತಾಂಬೂಲದ ತಟ್ಟೆ ಬಂದಾಗ, ಆ ವಾಸನೆಯ ಕೈವಾಡವೋ ಏನೋ, ನನ್ನ ಬಾಯಿಂದ ಬಂದೇಬಿಟ್ಟಿತು:

"ಮೊದ್ಲು ನಮ್ಮುಡ್ಗೀಗೆ ಒಂದ್ ಹುಣಸೆಮರ ಬುಟ್ಕೊಡಿ. ನಿಮ್ಮನೇಲಿ ಇದ್ರೂ ಅವಳ್ದೇ, ಇಲ್ದಿದ್ರೂ ಅವಳ್ದೇ."

ಗಂಡಿನ ಮುಖ ಥೇಟು ಅಂದಿನ ನನ್ನ ಮುಖದಂತೆ ಊದಿಕೊಂಡಿತು. "ಇದೇನ್ ಮಾವ, ತಾಳಿ ಕಟ್ಟೋಕ್ ಮುಂಚೇನೇ ಇಂಥಾ ಮಾತು?"

"ಒಂದು ಕಮ್ಮಿ ಆಯ್ತೇನಪ್ಪ? ಅಂಗಾರೆ ಎರಡು ಕೊಡು."

ಬಾಗಿಲ ಹಿಂದಿನಿಂದ ಮುದ್ದಮ್ಮ ಗೊಳ್ಳೆಂದು ನಕ್ಕಳು. ಅದೇ ನಗು. ರಂಗಪ್ಪ ಹೋಗಿ ಎಷ್ಟೋ ವರ್ಷವಾಯಿತು; ಇದ್ದಿದ್ದರೆ ನಾಳೆಯೇ ಗಾಡಿ ಕಟ್ಟಿಕೊಂಡು ಹೋಗಿ ಅವನಿಗೆ ಹೇಳಿಬರುತ್ತಿದ್ದೆ.